‘ಡೂ’ ಎಂಬ ಕ್ರಿಯಾಪದವೂ ಹೆಸರಿಲ್ಲದ ಕೃತ್ಯವೂ

(ಸಾಹಿತ್ಯಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟದಲ್ಲಿ ಬಿಟ್ಟುಹೋದ ಕೆಲವು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಶಾಲೆಯಲ್ಲಿ ಇಂಗ್ಲಿಷ್ ಕಲಿತ ನಮ್ಮಲ್ಲಿ ಬಹುತೇಕರು ‘ಡೂ, ಡಿಡ್, ಡನ್’ ಎಂದು ರಾಗವಾಗಿ ಒಪ್ಪಿಸಿದವರೇ. ಹಾಗೆ ಒಪ್ಪಿಸಿದ ಮೇಲೆ ಆ ಪದವನ್ನು ಮತ್ತೆ ತಿರುಗಿ ನೋಡುವ ಅಗತ್ಯ ನಮಗೆ ಬೀಳಲಿಲ್ಲ. ಕಠಿಣ ಪದ ಎದುರಾದರೆ ನಿಘಂಟು ತೆಗೆಯುತ್ತೇವೆ. ‘ಡೂ’ ಪದಕ್ಕಾಗಿ ಯಾರೂ ತೆಗೆಯುವುದಿಲ್ಲ. ಆದರೆ ಇಂಗ್ಲಿಷಿನ ದೊಡ್ಡ ನಿಘಂಟುಗಳಲ್ಲಿ ಪುಟಗಟ್ಟಲೆ ಜಾಗ ಹಿಡಿಯುವುದು ಇಂಥ ಪುಟ್ಟ ಪದಗಳೇ ಹೊರತು ನಾವು ಅಂಜುವ ಉದ್ದುದ್ದ ಪದಗಳಲ್ಲ. ಈ ಸಂಜೆ ನಾನು ಮಾತನಾಡಹೊರಟಿರುವುದು ಈ ಒಂದೇ ಕ್ರಿಯಾಪದವನ್ನು ಕುರಿತು. ಅದೂ ವ್ಯಾಕರಣ ಪಾಠವಾಗಿ ಅಲ್ಲ, ಹಳೆಯ ದೊಡ್ಡ ಬರಹಗಾರರು ಅದನ್ನು ಏತಕ್ಕೆ ಬಳಸಿಕೊಂಡರು ಎಂಬ ಪ್ರಶ್ನೆಯಾಗಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ‘ಡೂ’ ಒಳಗೆ ಏನೂ ಇಲ್ಲದ ಪದ. ಓಡು, ತಿನ್ನು, ಕೊಲ್ಲು ಎಂದಾಗ ಕಣ್ಣಿಗೆ ಒಂದು ಚಿತ್ರ ಬರುತ್ತದೆ. ‘ಮಾಡು’ ಎಂದಾಗ ಏನೂ ಬರುವುದಿಲ್ಲ, ಏನನ್ನು ಎಂದು ಕೇಳಬೇಕಾಗುತ್ತದೆ. ಹಾಗೆ ಬರಿದಾಗಿರುವುದರಿಂದಲೇ, ಬಾಯಿಬಿಟ್ಟು ಹೇಳಲಾಗದ್ದನ್ನು ಇಡಲು ಬರಹಗಾರರು ಅದನ್ನು ಆರಿಸಿಕೊಂಡಿದ್ದಾರೆ.

ಈ ಪದ ಮೊದಲಿನಿಂದಲೂ ಬರಿದಾಗಿರಲಿಲ್ಲ. ಇದರ ಮೂಲ ಧಾತುವಿನ ಅರ್ಥ ‘ಇಡು’ ಎಂಬುದು. ಸಂಸ್ಕೃತದ ‘ಧಾ’ ಧಾತುವೂ ಇಂಗ್ಲಿಷಿನ ‘ಡೂ’ ಕ್ರಿಯಾಪದವೂ ಒಂದೇ ಬೇರಿನವು ಎಂಬುದು ಭಾಷಾಶಾಸ್ತ್ರದಲ್ಲಿ ನೆಲೆನಿಂತ ಸಂಗತಿ. ನಿಧಿ, ವಿಧಾನ, ಸಂಧಿ, ಸಮಾಧಾನ, ಶ್ರದ್ಧೆ ಎಂದು ನಾವು ದಿನನಿತ್ಯ ಆಡುವ ಪದಗಳಲ್ಲಿ ಇರುವುದು ಅದೇ ‘ಧಾ’. ‘ಇಡು’ ಎಂಬ ಹಳೆಯ ಅರ್ಥ ಇಂಗ್ಲಿಷಿನಲ್ಲಿ ಪೂರ್ತಿ ಅಳಿದಿಲ್ಲ. ಬಟ್ಟೆ ತೊಡುವುದಕ್ಕೆ ‘ಡಾನ್’, ಕಳಚುವುದಕ್ಕೆ ‘ಡಾಫ್’ ಎಂಬ ಪದಗಳಿವೆಯಲ್ಲ, ಅವು ‘ಡೂ ಆನ್’, ‘ಡೂ ಆಫ್’ ಎಂಬುವುಗಳ ಸವೆದ ರೂಪಗಳು. ಷೇಕ್ಸ್‌ಪಿಯರನ ನಾಟಕದಲ್ಲಿ ಜೂಲಿಯೆಟ್ ತನ್ನ ಪ್ರಿಯ ರೋಮಿಯೋಗೆ ನಿನ್ನ ಹೆಸರನ್ನು ಕಳಚಿಡು ಎಂದು ಹೇಳುವಾಗ ಬಳಸುವುದು ಈ ‘ಡಾಫ್’ ಪದವನ್ನೇ. ಅವನದೇ ಹ್ಯಾಮ್ಲೆಟ್ ನಾಟಕದಲ್ಲಿ ಬುದ್ಧಿ ಕದಡಿದ ಒಫೀಲಿಯಾ ಹಾಡುವ ಹಾಡಿನಲ್ಲಿ ಯುವಕನೊಬ್ಬ ಎದ್ದು ಬಟ್ಟೆ ತೊಟ್ಟು ಕೋಣೆಯ ಬಾಗಿಲು ತೆರೆಯುತ್ತಾನೆ. ತೊಡುವುದಕ್ಕೆ ‘ಡಾನ್’, ತೆರೆಯುವುದಕ್ಕೆ ‘ಡಪ್’, ಅಂದರೆ ‘ಡೂ ಅಪ್’. ಈ ಮೂರನೆಯದು ಈಗ ಬಳಕೆಯಲ್ಲಿಲ್ಲ.

ಇದೇ ಕುಟುಂಬದ ಇನ್ನೊಂದು ಪದವನ್ನು ಇಲ್ಲಿ ಹೇಳಲೇಬೇಕು. ‘ಡೂಮ್’ ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ‘ಇಟ್ಟದ್ದು’, ‘ವಿಧಿಸಿದ್ದು’, ಅಂದರೆ ತೀರ್ಪು, ಕಟ್ಟಳೆ ಎಂಬ ಅರ್ಥವಿತ್ತು. ಇಂಗ್ಲೆಂಡಿನ ದೊರೆ ವಿಲಿಯಂ 1086ರಲ್ಲಿ ತನ್ನ ರಾಜ್ಯದ ಭೂಮಿಕಾಣಿಗಳನ್ನೆಲ್ಲ ಬರೆಯಿಸಿದ ದಾಖಲೆಗೆ ‘ಡೂಮ್ಸ್‌ಡೇ ಬುಕ್’ ಎಂದು ಹೆಸರು ಬಂದದ್ದು, ಅದರ ಮಾತಿಗೆ ಮೇಲ್ಮನವಿಯಿಲ್ಲ ಎಂಬ ಭಾವದಿಂದ. ಕಾಲಾಂತರದಲ್ಲಿ ಆ ಪದ ತೀರ್ಪಿನಿಂದ ತಪ್ಪಿಸಿಕೊಳ್ಳಲಾಗದ ಗತಿಯ ಕಡೆಗೆ ಜಾರಿತು. ನಮ್ಮ ‘ವಿಧಿ’ ಎಂಬ ಪದವೂ ಅದೇ ದಾರಿಯಲ್ಲಿ ನಡೆದಿದೆ: ‘ವಿ’ ಉಪಸರ್ಗದೊಡನೆ ಅದೇ ‘ಧಾ’ ಧಾತು; ಮೊದಲು ಕಟ್ಟಳೆ, ಆಮೇಲೆ ಹಣೆಬರಹ. ಎರಡು ದೂರದ ನೆಲಗಳಲ್ಲಿ ಒಂದೇ ಬೇರಿನಿಂದ ಒಂದೇ ಅರ್ಥಕ್ಕೆ ಬಂದು ನಿಂತ ಈ ಎರಡು ಪದಗಳನ್ನು ಮ್ಯಾಕ್‌ಬೆತ್ ನಾಟಕಕ್ಕೆ ಬಂದಾಗ ಮತ್ತೆ ನೆನೆಯೋಣ.

ಇನ್ನು ಈ ಪದ ಬರಿದಾದ ಬಗೆ. ಮಧ್ಯಕಾಲದ ಇಂಗ್ಲಿಷಿನಲ್ಲಿ ‘ಡೂ’ ಪದಕ್ಕೆ ಪ್ರೇರಣಾರ್ಥಕದ ಕೆಲಸವೂ ಇತ್ತು. ದೊರೆ ಕೋಟೆ ಕಟ್ಟಿಸಿದ ಎನ್ನಬೇಕಾದರೆ, ಕಟ್ಟು ಎಂಬ ಕ್ರಿಯೆಯ ಮುಂದೆ ‘ಡಿಡ್’ ಸೇರಿಸುತ್ತಿದ್ದರು. ನಮ್ಮಲ್ಲಿ ‘ಇಸು’ ಪ್ರತ್ಯಯ ಮಾಡುವ ಕೆಲಸವನ್ನು ಅದು ಮಾಡುತ್ತಿತ್ತು. ದೊರೆ ಕೋಟೆ ಕಟ್ಟಿಸಿದ ಎಂದರೂ ದೊರೆ ಕೋಟೆ ಕಟ್ಟಿದ ಎಂದರೂ ಕೇಳುವವನಿಗೆ ತಿಳಿಯುವುದು ಒಂದೇ, ಏಕೆಂದರೆ ದೊರೆ ತಾನೇ ಕಲ್ಲು ಹೊರುವುದಿಲ್ಲ. ಹೀಗೆ ‘ಇಸು’ವಿನ ಅರ್ಥ ಸೋರಿಹೋಗಿ ‘ಡಿಡ್’ ಒಂದು ಖಾಲಿ ಸಹಾಯಕ ಪದವಾಗಿ ಉಳಿಯಿತು ಎಂಬುದು ವಿದ್ವಾಂಸರು ಮುಂದಿಡುವ ವಿವರಣೆಗಳಲ್ಲಿ ಒಂದು. ನನಗೆ ಇದು ಒಪ್ಪುವಂತೆ ಕಾಣುತ್ತದೆ. 16ನೆಯ ಶತಮಾನದಲ್ಲಿ ಈ ಖಾಲಿ ಪದದ ಬಳಕೆ ಉಬ್ಬಿತು. ಆಮೇಲೆ ಪ್ರಶ್ನೆಯಲ್ಲೂ ನಿಷೇಧದಲ್ಲೂ ಒತ್ತಿನಲ್ಲೂ ಕಾಯಮ್ಮಾಗಿ ನಿಂತು, ಉಳಿದೆಡೆ ಇಳಿಯಿತು. ಆಲ್ವಾರ್ ಎಲೆಗೋರ್ಡ್ ಎಂಬ ಸ್ವೀಡನ್ನಿನ ವಿದ್ವಾಂಸರು 1953ರಲ್ಲಿ ಪ್ರಕಟಿಸಿದ ಅಧ್ಯಯನ ಈ ಏರಿಳಿತವನ್ನು ಎಣಿಕೆ ಹಾಕಿ ತೋರಿಸಿತು.

ಷೇಕ್ಸ್‌ಪಿಯರ್ ಬರೆದದ್ದು, ಮತ್ತು ಜೇಮ್ಸ್ ದೊರೆಯ ಬೈಬಲ್ ಅನುವಾದ 1611ರಲ್ಲಿ ಹೊರಬಂದದ್ದು, ಈ ಸ್ಥಿತ್ಯಂತರದ ನಟ್ಟನಡುವೆ. ಹಾಗಾಗಿ ಹಳೆಯದೂ ಹೊಸದೂ ಒಂದೇ ವಾಕ್ಯದಲ್ಲಿ ಪಕ್ಕಪಕ್ಕ ಕೂತಿರುವುದನ್ನು ಅಲ್ಲಿ ಕಾಣಬಹುದು. ಹೊಲದ ಲಿಲ್ಲಿ ಹೂಗಳು ದುಡಿಯುವುದಿಲ್ಲ, ನೂಲುವುದೂ ಇಲ್ಲ ಎಂಬ ಪ್ರಸಿದ್ಧ ಮಾತಿನಲ್ಲಿ ದುಡಿಯುವುದಿಲ್ಲ ಎಂಬುದಕ್ಕೆ ‘ಟಾಯಿಲ್ ನಾಟ್’ ಎಂದು ‘ಡೂ’ ಇಲ್ಲದ ಹಳೆಯ ನಿಷೇಧವಿದೆ; ನೂಲುವುದೂ ಇಲ್ಲ ಎಂಬಲ್ಲಿ ‘ಡೂ’ ಬಂದು ಕೂತಿದೆ. ಶಿಲುಬೆಯ ಮೇಲಿನ ಮಾತಿನಲ್ಲಿ, ಅವರು ತಾವು ಮಾಡುತ್ತಿರುವುದು ಏನೆಂದು ಅರಿಯರು ಎಂಬಲ್ಲಿ, ಅರಿಯರು ಎಂಬುದಕ್ಕೆ ‘ನೋ ನಾಟ್’ ಎಂದಿದೆ; ವಾಕ್ಯ ಮುಗಿಯುವುದು ‘ವಾಟ್ ದೇ ಡೂ’ ಎಂದು. ಇಂದಿನ ಇಂಗ್ಲಿಷಿನಲ್ಲಿ ಅದಕ್ಕೆ ‘ಡೂ ನಾಟ್ ನೋ’ ಎನ್ನಬೇಕು. ಹಾಗೆಂದಿದ್ದರೆ ಒಂದೇ ಪುಟ್ಟ ವಾಕ್ಯದಲ್ಲಿ ಖಾಲಿ ‘ಡೂ’ ಒಂದು, ತುಂಬಿದ ‘ಡೂ’ ಇನ್ನೊಂದು ಬಂದು, ಆ ಕೊನೆಯ ಪದದ ಭಾರ ಇಳಿದುಹೋಗುತ್ತಿತ್ತು. ಕನ್ನಡದವರಿಗೆ ಇದು ಅಪರಿಚಿತವೇನಲ್ಲ. ‘ಅರಿಯರು’ ಎಂದು ಕ್ರಿಯಾಪದದೊಳಗೇ ನಿಷೇಧವನ್ನು ಹೆಣೆದುಕೊಳ್ಳುತ್ತಿದ್ದ ನಮ್ಮ ಭಾಷೆಯೂ ‘ಅರಿತಿಲ್ಲ’, ‘ಗೊತ್ತಿಲ್ಲ’ ಎಂದು ಬೇರೆಯ ‘ಇಲ್ಲ’ವನ್ನು ಹಿಂದೆ ಹಚ್ಚುವ ಕಡೆಗೆ ಸರಿದಿದೆ; ಹಳೆಯ ರೂಪ ಪದ್ಯದಲ್ಲಿ, ಗಾದೆಯಲ್ಲಿ, ಪ್ರಾರ್ಥನೆಯಲ್ಲಿ ಉಳಿದಿದೆ.

ಷೇಕ್ಸ್‌ಪಿಯರ್ ಈ ಎರಡು ರೂಪಗಳ ನಡುವಿನ ವ್ಯತ್ಯಾಸವನ್ನು ನಾಟಕದ ಕೆಲಸಕ್ಕೆ ಹಚ್ಚುತ್ತಾನೆ. ಒಥೆಲೋ ತನ್ನ ಹೆಂಡತಿಯ ಬೆನ್ನ ಹಿಂದೆ ನಿಂತು, ನಿನ್ನನ್ನು ಪ್ರೀತಿಸಿಯೇ ಪ್ರೀತಿಸುತ್ತೇನೆ, ಪ್ರೀತಿಸದ ದಿನ ಪ್ರಳಯವೇ ಮರಳಿ ಬಂದಂತೆ ಎನ್ನುತ್ತಾನೆ. ಮೊದಲ ಭಾಗದಲ್ಲಿ ‘ಐ ಡೂ ಲವ್ ದೀ’, ಎರಡನೆಯದರಲ್ಲಿ ‘ಲವ್ ದೀ ನಾಟ್’. ಹೌದೆನ್ನುವಾಗ ಅವನಿಗೆ ‘ಡೂ’ ಎಂಬ ಊರುಗೋಲು ಬೇಕು. ಯಾರೂ ಅಲ್ಲ ಎನ್ನದಿರುವಾಗ ಒಬ್ಬ ಹೌದೇ ಹೌದು ಎಂದು ಒತ್ತಿ ಹೇಳುತ್ತಿದ್ದಾನೆ ಎಂದರೆ, ಅವನೊಳಗೆ ಯಾರೋ ಅಲ್ಲ ಎನ್ನಲು ಆಗಲೇ ಶುರುಮಾಡಿದ್ದಾರೆ ಎಂದರ್ಥ. ಹೆಂಡತಿಯ ಬಗ್ಗೆ ಅವನಲ್ಲಿ ಸಂಶಯ ಬಿತ್ತುವ ಇಯಾಗೋ ಅದೇ ದೃಶ್ಯದಲ್ಲಿ ತನ್ನ ಕೆಲಸ ಆರಂಭಿಸುತ್ತಾನೆ.

ಈ ಒತ್ತು ಎಲ್ಲ ಕವಿಗಳಿಗೂ ಸಿದ್ಧಿಸಲಿಲ್ಲ. ಬಹಳ ಮಂದಿಗೆ ‘ಡೂ’ ಎಂಬುದು ಮಾತ್ರೆ ಸಾಲದಾಗ ತುಂಬುವ ಅಕ್ಷರವಾಯಿತು. ನಮ್ಮ ಛಂದಸ್ಸಿನ ಪರಿಭಾಷೆಯಲ್ಲಿ ಪಾದಪೂರಣ. ಅಲೆಕ್ಸಾಂಡರ್ ಪೋಪ್ 1711ರಲ್ಲಿ ಪ್ರಕಟಿಸಿದ ಪದ್ಯಪ್ರಬಂಧದಲ್ಲಿ ಇಂಥವರನ್ನು ಹಾಸ್ಯಮಾಡುತ್ತ, ಹುರುಳಿಲ್ಲದ ಪದಗಳು ತಮ್ಮ ಬಡ ನೆರವನ್ನು ಸೇರಿಸುತ್ತವೆ ಎಂದು ಬರೆಯುತ್ತಾನೆ. ಆ ಸಾಲಿನಲ್ಲಿ ಸೇರಿಸು ಎಂಬ ಕ್ರಿಯೆಯ ಮುಂದೆ ಬೇಕೆಂದೇ ಒಂದು ಹುರುಳಿಲ್ಲದ ‘ಡೂ’ ಇಟ್ಟಿದ್ದಾನೆ. 1755ರ ತನ್ನ ನಿಘಂಟಿಗೆ ಬರೆದ ವ್ಯಾಕರಣದಲ್ಲಿ ಸ್ಯಾಮ್ಯುಯಲ್ ಜಾನ್ಸನ್, ಸುಮ್ಮನೆ ‘ಐ ಡೂ ಲವ್’ ಎನ್ನುವುದು ಕೆಟ್ಟ ರೂಢಿ ಎಂದು ಪರಿಗಣಿತವಾಗಿದೆ ಎಂದು ಹೇಳಿ, ಒತ್ತಿಗಾಗಿ ಬಳಸಿದರೆ ಸರಿ ಎನ್ನಲು ಒಥೆಲೋನ ಈ ಮಾತನ್ನೇ ಉದಾಹರಣೆ ಕೊಡುತ್ತಾನೆ.

ಇಲ್ಲಿಯವರೆಗೆ ಹೇಳಿದ್ದು ಪೀಠಿಕೆ. ನಾನು ನಿಜವಾಗಿ ನಿಲ್ಲಬೇಕೆಂದುಕೊಂಡಿರುವುದು 1606ರ ಸುಮಾರಿನಲ್ಲಿ ರಚಿತವಾದ ಮ್ಯಾಕ್‌ಬೆತ್ ನಾಟಕದ ಮುಂದೆ. ಸಿಂಹಾಸನದ ಆಸೆಗೆ ಬಿದ್ದ ಸೇನಾನಿ ಮ್ಯಾಕ್‌ಬೆತ್ ಹೆಂಡತಿಯ ಒತ್ತಾಸೆಯಿಂದ, ತನ್ನ ಮನೆಗೆ ಅತಿಥಿಯಾಗಿ ಬಂದ ದೊರೆ ಡಂಕನ್ನನನ್ನು ಕೊಲ್ಲುವ ಕಥೆ ಅದು. ‘ಡೂ’, ‘ಡನ್’, ‘ಡೀಡ್’ (ಕೃತ್ಯ) ಎಂಬ ಒಂದೇ ಬೇರಿನ ಪದಗಳು ಇಷ್ಟು ಬೆನ್ನುಹತ್ತುವ ಇನ್ನೊಂದು ಕೃತಿಯನ್ನು ನಾನು ಕಂಡಿಲ್ಲ.

ಮೊದಲು ಆ ಪದವನ್ನು ಮಂತ್ರದಂತೆ ಉಚ್ಚರಿಸುವುದು ಒಬ್ಬ ಮಾಟಗಾತಿ. ನಾವಿಕನ ಹೆಂಡತಿಯೊಬ್ಬಳು ತನಗೆ ತಿನಿಸು ಕೊಡಲಿಲ್ಲವೆಂಬ ಸಿಟ್ಟಿಗೆ ಅವಳು, ಅಲೆಪ್ಪೋಗೆ ಹೋಗಿರುವ ಆ ನಾವಿಕನ ಬೆನ್ನು ಹತ್ತುತ್ತೇನೆ, ಬಾಲವಿಲ್ಲದ ಇಲಿಯಾಗಿ ಹೋಗಿ ಮಾಡುತ್ತೇನೆ, ಮಾಡುತ್ತೇನೆ, ಮಾಡಿಯೇ ಮಾಡುತ್ತೇನೆ ಎನ್ನುತ್ತಾಳೆ. ಏನು ಮಾಡುತ್ತಾಳೆ? ಆ ಸಾಲು ಹೇಳುವುದಿಲ್ಲ. ಮುಂದೆ ಬರುವ ಶಾಪದ ವಿವರಗಳೂ ಆ ಮೂರು ಬರಿಯ ‘ಮಾಡುತ್ತೇನೆ’ಗಳಷ್ಟು ಹೆದರಿಸುವುದಿಲ್ಲ. ನಮ್ಮಲ್ಲೂ ಹಾಗೆಯೇ ಅಲ್ಲವೇ? ‘ಅವರಿಗೆ ಯಾರೋ ಮಾಡಿಸಿದ್ದಾರೆ’ ಎಂದು ಹಳ್ಳಿಯಲ್ಲಿ ಹೇಳಿದರೆ ಕೇಳಿದವರು ಏನನ್ನು ಎಂದು ಕೇಳುವುದಿಲ್ಲ, ದನಿ ತಗ್ಗಿಸುತ್ತಾರೆ.

ಆಮೇಲೆ ಆ ಪದ ಗಂಡಹೆಂಡಿರ ನಡುವೆ ಸೇರಿಕೊಳ್ಳುತ್ತದೆ. ಗಂಡನ ಓಲೆಯನ್ನು ಓದಿದ ಲೇಡಿ ಮ್ಯಾಕ್‌ಬೆತ್, ನಿನಗೆ ಬೇಕಾದುದು ‘ಹೀಗೆ ಮಾಡು’ ಎಂದು ಕೂಗುತ್ತಿದೆ, ನೀನೋ ಅದನ್ನು ಮಾಡಲು ಅಂಜುವೆಯೇ ಹೊರತು ಅದು ಆಗಬಾರದೆಂದು ಬಯಸುವವನಲ್ಲ ಎಂದು ಅವನ ಅಂತರಂಗವನ್ನು ಎರಡು ಮೂರು ಸಾಲಿನಲ್ಲಿ ಬಿಚ್ಚಿಡುತ್ತಾಳೆ. ಕೊಲೆ ಎಂಬ ನಾಮಪದ ನಾಟಕದಲ್ಲಿ ಬಾರದೆ ಇಲ್ಲ; ಮ್ಯಾಕ್‌ಬೆತ್ ಒಬ್ಬನೇ ಇದ್ದಾಗ ಅದನ್ನು ಆಡುತ್ತಾನೆ. ಆದರೆ ಹೆಂಡತಿಯ ಎದುರಿಗೆ ‘ನಾನು ದೊರೆಯನ್ನು ಕೊಲ್ಲುತ್ತೇನೆ’ ಎಂಬ ನೇರ ವಾಕ್ಯ ಅವನ ಬಾಯಿಂದ ಹೊರಡುವುದಿಲ್ಲ. ‘ಈ ವ್ಯವಹಾರ’ ಎನ್ನುತ್ತಾನೆ. ಇಲ್ಲವೇ ‘ಡೂ’ ಎನ್ನುತ್ತಾನೆ.

ಮೊದಲ ಅಂಕದ ಕೊನೆಯ ಸ್ವಗತದ ಆರಂಭವನ್ನು ನೋಡಿ. ಒಂದೂವರೆ ಸಾಲಿನಲ್ಲಿ ‘ಡನ್’ ಮೂರು ಬಾರಿ ಬರುತ್ತದೆ. ಅದು ಮಾಡಿದಾಗಲೇ ಮುಗಿದುಹೋಗುವಂಥದ್ದಾದರೆ ಬೇಗನೆ ಮಾಡಿಬಿಡುವುದು ಒಳಿತು ಎಂಬುದು ಸ್ಥೂಲವಾದ ಅರ್ಥ. ಮೊದಲನೆಯ ‘ಡನ್’ ಪದಕ್ಕೆ ಮುಗಿದದ್ದು ಎಂದೂ ಎರಡನೆಯದಕ್ಕೆ ಮಾಡಿದ್ದು ಎಂದೂ ಅರ್ಥ. ಮಾಡುವುದು ಬೇರೆ, ಮುಗಿಯುವುದು ಬೇರೆ ಎಂಬುದೇ ಮ್ಯಾಕ್‌ಬೆತ್ತನ ಸಂಕಟ. ಆದರೆ ಅವನ ಭಾಷೆ ಆ ಎರಡಕ್ಕೂ ಒಂದೇ ಪದ ಕೊಟ್ಟು, ಎರಡೂ ಒಂದೇ ಎಂದು ನಂಬುವಂತೆ ಅವನನ್ನು ಪುಸಲಾಯಿಸುತ್ತಿದೆ. ಇದರ ಹಿಂದೆ ಇನ್ನೊಂದು ದನಿಯೂ ಇದೆ. ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ, ಕೊನೆಯ ಊಟದ ಹೊತ್ತಿನಲ್ಲಿ, ಯೇಸು ತನ್ನನ್ನು ಹಿಡಿದುಕೊಡಲಿರುವ ಶಿಷ್ಯ ಯೂದನಿಗೆ ಹೇಳುವ ಮಾತು: ನೀನು ಮಾಡುವುದನ್ನು ಬೇಗನೆ ಮಾಡು. ಅಲ್ಲೂ ಕೃತ್ಯಕ್ಕೆ ಹೆಸರಿಲ್ಲ, ಅಲ್ಲೂ ಊಟದ ಮನೆ, ಅಲ್ಲೂ ‘ಬೇಗ’ ಎಂಬ ಪದ. ಮ್ಯಾಕ್‌ಬೆತ್ ಈ ಸ್ವಗತ ಆಡುವುದು ತನ್ನ ಮನೆಯಲ್ಲಿ ದೊರೆ ಊಟಕ್ಕೆ ಕುಳಿತಿರುವಾಗ, ಆ ಪಂಕ್ತಿಯಿಂದ ಎದ್ದುಬಂದು. ಅಂದಿನ ಪ್ರೇಕ್ಷಕರು ಚರ್ಚಿನಲ್ಲಿ ಕೇಳಿ ಕೇಳಿ ಬಲ್ಲ ಮಾತು ಅದು. ಈ ನೆನಪು ಅವರಿಗೆ ತಟ್ಟದೆ ಇರಲಾರದು.

ಎರಡನೆಯ ಅಂಕದಲ್ಲಿ ಗಂಟೆ ಬಾರಿಸಿದಾಗ ಅವನು, ಹೋಗುತ್ತೇನೆ, ಅದು ಆಯಿತು ಎಂದು ಹೊರಡುತ್ತಾನೆ. ಇನ್ನೂ ಹೆಜ್ಜೆ ಇಟ್ಟಿಲ್ಲ. ಆಗಲೇ ಆಯಿತು ಎನ್ನುತ್ತಾನೆ. ಹೋಗುವುದಕ್ಕೆ ‘ನಾನು’ ಇದೆ, ಆಗುವುದಕ್ಕೆ ‘ನಾನು’ ಇಲ್ಲ. ಮರಳಿ ಬಂದಾಗ ಹೇಳುವ ವಾಕ್ಯದಲ್ಲಿ ಮಾತ್ರ ಆ ‘ನಾನು’ ತಪ್ಪಿಸಿಕೊಳ್ಳಲಾಗದೆ ನಿಲ್ಲುತ್ತದೆ: ಆ ಕೃತ್ಯವನ್ನು ಮಾಡಿದೆ, ಸದ್ದೇನಾದರೂ ಕೇಳಿಸಿತೇ? ‘ಡನ್’, ‘ಡೀಡ್’, ‘ಡಿಡ್‌ಸ್ಟ್’ ಎಂದು ಒಂದೇ ಸಾಲಿನಲ್ಲಿ ಆ ಬೇರು ಮೂರು ಬಾರಿ ಬಡಿಯುತ್ತದೆ. ಮೂರನೆಯದು ಪ್ರಶ್ನೆ ಕೇಳಲು ಬಂದ ಬರಿಯ ವ್ಯಾಕರಣದ ಸಾಮಗ್ರಿಯಾದರೂ, ರಂಗದ ಮೇಲೆ ಪಿಸುದನಿಯಲ್ಲಿ ಅದೂ ಆ ಕೃತ್ಯದ ಪ್ರತಿಧ್ವನಿಯಾಗಿಯೇ ಕೇಳಿಸುತ್ತದೆ. ಸ್ವಲ್ಪ ಹೊತ್ತಿನಲ್ಲೇ, ಮಾಡಿದ್ದನ್ನು ನೆನೆಯಲು ಹೆದರಿಕೆ, ಮತ್ತೆ ಹೋಗಿ ನೋಡಲಾರೆ ಎನ್ನುತ್ತಾನೆ. ‘ಮ್ಯಾಕ್‌ಬೆತ್ ನಿದ್ದೆಯನ್ನು ಕೊಲ್ಲುತ್ತಿದ್ದಾನೆ’ ಎಂದು ತಾನು ಕೇಳಿದ ದನಿಯಲ್ಲಿ ಕೊಲ್ಲು ಎಂಬ ಕ್ರಿಯೆ ಕೊನೆಗೂ ಅವನ ಹೆಸರಿನೊಡನೆ ಸೇರುತ್ತದೆ, ‘ಡಸ್ ಮರ್ಡರ್’ ಎಂದು. ಆದರೆ ಕೊಲೆಯಾದದ್ದು ನಿದ್ದೆ, ಡಂಕನ್ ಅಲ್ಲ.

ಇದಕ್ಕೆ ಎದುರಾಗಿ ಬೆಳಗಿನ ದೃಶ್ಯವನ್ನು ಇಟ್ಟು ನೋಡಬೇಕು. ದೊರೆಯ ಕಾವಲುಗಾರರನ್ನು ತಾನೇ ಕೊಂದೆನೆಂದು ಮ್ಯಾಕ್‌ಬೆತ್ ಎಲ್ಲರೆದುರು ಹೇಳುವಾಗ, ನನ್ನ ಆವೇಶಕ್ಕೆ ಪಶ್ಚಾತ್ತಾಪಪಡುತ್ತೇನೆ, ಅವರನ್ನು ಕೊಂದುಬಿಟ್ಟೆ ಎನ್ನುತ್ತಾನೆ. ಇಲ್ಲಿ ‘ಕಿಲ್’ ಎಂಬ ಪದ ಲೀಲಾಜಾಲವಾಗಿ ಬರುತ್ತದೆ. ಪಶ್ಚಾತ್ತಾಪದ ಮುಂದೊಂದು ಖಾಲಿ ‘ಡೂ’, ಕೊಲ್ಲುವುದರ ಮುಂದೊಂದು ಖಾಲಿ ‘ಡಿಡ್’. ನಟನೆಯ ಮಾತಿನಲ್ಲಿ ಕ್ರಿಯೆಗೆ ಸ್ಪಷ್ಟ ಹೆಸರಿದೆ, ‘ಡೂ’ ಬರಿಯ ಅಲಂಕಾರ. ನಿಜದ ಮಾತಿನಲ್ಲಿ ‘ಡೂ’ ಒಂದೇ ಉಳಿದಿದೆ, ಹೆಸರು ಬಾಯಿಗೆ ಬರುವುದಿಲ್ಲ. ಇಷ್ಟು ಸೂಕ್ಷ್ಮವನ್ನು ಕವಿ ಯೋಚಿಸಿಯೇ ಇಟ್ಟನೋ ಎಂದು ಕೇಳುವವರಿದ್ದಾರೆ. ಪದದ ಕಿವಿಯುಳ್ಳವನು ಯೋಚಿಸಬೇಕಾಗಿಲ್ಲ ಎಂಬುದು ನನ್ನ ಉತ್ತರ.

ಮುಂದೆ ದಂಪತಿಗಳ ಪಾತ್ರ ಅದಲುಬದಲಾಗುತ್ತದೆ. ಮೂರನೆಯ ಅಂಕದಲ್ಲಿ ಜೊತೆಯ ಸೇನಾನಿ ಬ್ಯಾಂಕೋನ ಕೊಲೆಗೆ ಗಂಡ ಸಂಚು ಹೂಡಿರುವಾಗ ಹೆಂಡತಿ ‘ಏನು ಮಾಡಬೇಕೆಂದಿದ್ದೀ’ ಎಂದು ಕೇಳುವವಳಾಗುತ್ತಾಳೆ. ಅವನು, ತಿಳಿಯದೆ ನಿರಪರಾಧಿಯಾಗಿರು, ಕೃತ್ಯ ನಡೆದ ಮೇಲೆ ಮೆಚ್ಚುವೆಯಂತೆ ಎನ್ನುತ್ತಾನೆ. ಅದೇ ದೃಶ್ಯದಲ್ಲಿ ಅವಳು ಅವನಿಗೆ ಸಮಾಧಾನವಾಗಿ ಹೇಳಿದ ಮಾತು ಈಗ ಇಂಗ್ಲಿಷಿನಲ್ಲಿ ಗಾದೆಯಂತೆ ನಡೆಯುತ್ತಿದೆ: ಆದದ್ದು ಆಯಿತು. ಔತಣದಲ್ಲಿ ಪ್ರೇತ ಕಂಡು ಕಂಗೆಟ್ಟ ಮೇಲೆ ಮ್ಯಾಕ್‌ಬೆತ್ ಆ ಅಂಕದಲ್ಲಿ ಹೆಂಡತಿಗೆ ಹೇಳುವ ಕೊನೆಯ ಮಾತು, ನಾವಿನ್ನೂ ಕೃತ್ಯದಲ್ಲಿ ಎಳೆಯರು ಎಂಬುದು. ಷೇಕ್ಸ್‌ಪಿಯರನ ನಾಟಕಗಳ 1623ರ ಮೊದಲ ಸಂಗ್ರಹ ಸಂಪುಟದಲ್ಲಿ ಆ ಕೊನೆಯ ಪದ ‘ಇನ್‌ಡೀಡ್’ ಎಂದು ಒಟ್ಟಾಗಿ ಅಚ್ಚಾಗಿದೆ, ಅಂದರೆ ‘ನಿಜವಾಗಿಯೂ’. ಸಂಪಾದಕರು ಅದನ್ನು ಒಡೆದು ‘ಕೃತ್ಯದಲ್ಲಿ’ ಎಂದು ಓದಿದರು. ರಂಗದಲ್ಲಿ ಕೇಳುವವನಿಗೆ ಎರಡೂ ಒಂದೇ ಸದ್ದು.

ನಾಲ್ಕನೆಯ ಅಂಕದಲ್ಲಿ ಅವನು ಮಾಟಗಾತಿಯರ ಬಳಿಗೆ ತಾನಾಗಿ ಹೋಗಿ, ನೀವು ಮಾಡುತ್ತಿರುವುದೇನು ಎಂದು ಕೇಳುತ್ತಾನೆ. ಉತ್ತರ: ಹೆಸರಿಲ್ಲದ ಕೃತ್ಯ. ನಾಟಕದ ಆರಂಭದಿಂದ ಅವನು ತನ್ನ ‘ಡೂ’ವಿನ ಹಿಂದೆ ಬಚ್ಚಿಟ್ಟದ್ದು ಏನೆಂಬುದನ್ನು ಈ ಪದಗಳು ಅವನಿಗೇ ಒಪ್ಪಿಸಿಬಿಡುತ್ತವೆ. ಬ್ಯಾಂಕೋನ ವಂಶದ ದೊರೆಗಳು ಸಾಲುಗಟ್ಟಿ ಹಾಯುವುದನ್ನು ಕಂಡು, ಈ ಸಾಲು ಪ್ರಳಯದ ಸಿಡಿಲಿನವರೆಗೂ ಚಾಚುವುದೇ ಎಂದು ಅವನು ಉದ್ಗರಿಸುವುದೂ ಇದೇ ದೃಶ್ಯದಲ್ಲಿ. ಅಲ್ಲಿನ ಪದ ‘ಡೂಮ್’. ‘ಡೀಡ್’ ಎಂದು ಕೇಳಿಸಿಕೊಂಡವನು ‘ಡೂಮ್’ ಎಂದು ಕೂಗುತ್ತಾನೆ. ಕೃತ್ಯವೂ ವಿಧಿಯೂ ಒಂದೇ ಬೇರಿನವು ಎಂದು ಆಗ ನಾನು ಹೇಳಿದ್ದು ಇದಕ್ಕಾಗಿ.

ಷೇಕ್ಸ್‌ಪಿಯರನ ಕಿರಿಯ ಸಮಕಾಲೀನನಾದ ಜಾನ್ ಡನ್ ಎಂಬ ಕವಿಗೆ ಈ ಪದ ಹುಟ್ಟಿನಿಂದಲೇ ಗಂಟುಬಿದ್ದಿತ್ತು. ಅವನ ಮನೆತನದ ಹೆಸರಿನ ಉಚ್ಚಾರವೂ ‘ಡನ್’ ಎಂಬುದೇ. 1631ರಲ್ಲಿ ಅವನು ತೀರಿಕೊಂಡ ಮೇಲೆ, 1633ರಲ್ಲಿ ಅಚ್ಚಾದ ಪದ್ಯಗಳಲ್ಲಿ ತಂದೆಯಾದ ದೇವರಿಗೆ ಬರೆದ ಒಂದು ಸ್ತುತಿಯಿದೆ. ತನ್ನ ಪಾಪಗಳನ್ನು ಒಂದೊಂದಾಗಿ ಕ್ಷಮಿಸೆಂದು ಬೇಡುತ್ತ, ನೀನು ಮುಗಿಸಿದಾಗ ಮುಗಿಸಿದಂತಾಗಲಿಲ್ಲ, ನನ್ನಲ್ಲಿ ಇನ್ನೂ ಇವೆ ಎಂದು ಅವನು ಎರಡು ಪದ್ಯಗಳ ಕೊನೆಯಲ್ಲಿ ಹೇಳುತ್ತಾನೆ. ‘ಮುಗಿಸಿದೆ’ ಎಂಬುದು ‘ಡನ್’ ಆದ್ದರಿಂದ, ನೀನು ಮುಗಿಸಿದಾಗಲೂ ಡನ್ ಎಂಬ ನಾನು ನಿನ್ನ ಕೈಗೆ ಸಿಕ್ಕಿಲ್ಲ ಎಂಬ ಎರಡನೆಯ ಅರ್ಥವೂ ಅಲ್ಲೇ ಕೂತಿದೆ. ಅಂಕಿತನಾಮದ ರೂಢಿಯಿರುವ ನಮಗೆ, ಕವಿ ತನ್ನ ಹೆಸರನ್ನು ಪದ್ಯದ ಕೊನೆಯಲ್ಲಿ ಹೊಸೆಯುವುದು ಹೊಸದೇನಲ್ಲ. ಆದರೆ ಕ್ರಿಯಾಪದವೇ ಅಂಕಿತವಾಗುವುದು ಅಪರೂಪ. ಇದನ್ನು ಅನುವಾದಿಸಲು ನಾನು ಹೋಗುವುದಿಲ್ಲ.

ಗದ್ಯದ ಕಡೆಗೆ ಬಂದರೆ ದನಿ ಬದಲಾಗುತ್ತದೆ. ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ ಪ್ರೈಡ್ ಅಂಡ್ ಪ್ರೆಜುಡಿಸ್ ಕಾದಂಬರಿಯ ನಾಯಕ ಡಾರ್ಸಿ ಎಲಿಜಬೆತ್ತಳಿಗೆ ತನ್ನ ಪ್ರೇಮವನ್ನು ಹೇಳಿಕೊಳ್ಳಲು ಬಂದು, ವ್ಯರ್ಥವಾಗಿ ಹೆಣಗಿದೆ, ‘ಇಟ್ ವಿಲ್ ನಾಟ್ ಡೂ’ ಎನ್ನುತ್ತಾನೆ. ಇದನ್ನು ‘ಅದು ಮಾಡುವುದಿಲ್ಲ’ ಎಂದರೆ ನಗೆಪಾಟಲಾಗುತ್ತದೆ. ‘ಇದು ಆಗದ ಮಾತು’ ಎನ್ನಬೇಕು. ಅದೇ ಕಾದಂಬರಿಯಲ್ಲಿ ಮೇರಿ ಎಂಬ ಮಗಳು ನೆರೆದವರ ಮುಂದೆ ಹಾಡನ್ನು ನಿಲ್ಲಿಸದಿರುವಾಗ ಅವಳ ತಂದೆ, ಬಹಳ ಚೆನ್ನಾಯಿತು ಮಗು, ಸಾಕಷ್ಟು ಹೊತ್ತು ನಮ್ಮನ್ನು ರಂಜಿಸಿದೆ ಎನ್ನುತ್ತಾರೆ. ಅಲ್ಲಿರುವುದು ‘ದಟ್ ವಿಲ್ ಡೂ’. ಮೆಚ್ಚುಗೆಯ ಸಕ್ಕರೆ ಸವರಿದ ‘ಸಾಕು’ ಅದು. ಮ್ಯಾಕ್‌ಬೆತ್ತನಲ್ಲಿ ಭಯವನ್ನು ಮುಚ್ಚುವ ಪದ ಆಸ್ಟಿನ್ನಳ ದಿವಾನಖಾನೆಯಲ್ಲಿ ಅಸಹನೆಯನ್ನು ಮುಚ್ಚುತ್ತದೆ.

ಚಾರ್ಲ್ಸ್ ಡಿಕನ್ಸ್ 1838–39ರಲ್ಲಿ ಕಂತುಗಳಾಗಿ ಬರೆದ ನಿಕೊಲಸ್ ನಿಕಲ್‌ಬಿ ಕಾದಂಬರಿಯಲ್ಲಿ ಯಾರ್ಕ್‌ಷೈರಿನ ಒಂದು ಶಾಲೆಯಿದೆ. ಹೆಸರು ‘ಡೂದಬಾಯ್ಸ್ ಹಾಲ್’. ಅಂದಿನ ಆಡುಮಾತಿನಲ್ಲಿ ಒಬ್ಬನನ್ನು ‘ಡೂ’ ಎಂದರೆ ಅವನಿಗೆ ಮೋಸ ಮಾಡು ಎಂದರ್ಥ. ಹುಡುಗರಿಗೆ ಟೋಪಿ ಹಾಕುವ ಮಂದಿರ ಎಂದಂತಾಯಿತು. (ನಾವು ಮೋಸಕ್ಕೆ ಬಳಸುವುದು ‘ಹಾಕು’, ಟೋಪಿ ಹಾಕು, ಪಂಗನಾಮ ಹಾಕು. ‘ಡೂ’ ಪದದ ಹಳೆಯ ಅರ್ಥವೂ ಇಡು, ಹಾಕು ಎಂಬುದೇ ಆಗಿತ್ತೆಂಬುದು ತಮಾಷೆಯ ಕಾಕತಾಳೀಯ.) ಆ ಶಾಲೆಯ ಯಜಮಾನ ಸ್ಕ್ವಿಯರ್ಸ್, ‘ಕ್ಲೀನ್’ ಎಂಬ ಕ್ರಿಯಾಪದದ ಕಾಗುಣಿತವನ್ನೂ ಅರ್ಥವನ್ನೂ ಹೇಳಿಕೊಟ್ಟು, ಕಿಟಕಿ ಎಂಬ ಪದವನ್ನು ತಪ್ಪು ಕಾಗುಣಿತದಲ್ಲಿ ಹೇಳಿ, ಪುಸ್ತಕದಿಂದ ಇದನ್ನು ತಿಳಿದ ಹುಡುಗ ಹೋಗಿ ಅದನ್ನು ಮಾಡುತ್ತಾನೆ ಎನ್ನುತ್ತಾನೆ. ಅಂದರೆ ಯಜಮಾನನ ಕಿಟಕಿ ತೊಳೆಯುತ್ತಾನೆ. ಕಲಿತದ್ದನ್ನು ಮಾಡಿ ತಿಳಿಯಬೇಕೆಂಬ ಉದಾತ್ತ ತತ್ತ್ವ ಬಿಟ್ಟಿ ದುಡಿಮೆಗೆ ಮುಸುಕಾಗುವುದನ್ನು ಡಿಕನ್ಸ್ ಒಂದು ಕ್ರಿಯಾಪದದಲ್ಲಿ ತೋರಿಸಿದ್ದಾನೆ.

ಅದೇ ಡಿಕನ್ಸ್ 1859ರಲ್ಲಿ ಎರಡು ನಗರಗಳ ಕಥೆಯನ್ನು ಮುಗಿಸುವಾಗ ಈ ಪದವನ್ನು ಮ್ಯಾಕ್‌ಬೆತ್ತನ ನೇರ ವಿರುದ್ಧ ದಿಕ್ಕಿಗೆ ತಿರುಗಿಸುತ್ತಾನೆ. ಇನ್ನೊಬ್ಬನಿಗೆ ಬದಲಾಗಿ ಗಿಲೊಟಿನ್ನಿಗೆ ತಲೆಯೊಡ್ಡಲು ನಿಂತ ಸಿಡ್ನಿ ಕಾರ್ಟನ್ನನ ಮಾತು, ನಾನು ಈವರೆಗೆ ಮಾಡಿದ ಎಲ್ಲಕ್ಕಿಂತ ಈಗ ಮಾಡುತ್ತಿರುವುದು ಎಷ್ಟೋ ಮೇಲಾದದ್ದು ಎಂಬುದು. ಪ್ರಾಣ ಕೊಡುತ್ತಿದ್ದೇನೆ ಎಂದು ಅವನು ಹೇಳುವುದಿಲ್ಲ. ಅಷ್ಟೇ ಅಲ್ಲ, ಈ ಮಾತನ್ನು ಅವನು ಗಟ್ಟಿಯಾಗಿ ಆಡಿದನೆಂದೂ ಕಾದಂಬರಿಕಾರ ಹೇಳುವುದಿಲ್ಲ. ಆಡಿದ್ದರೆ ಹೀಗಿರುತ್ತಿತ್ತು ಎನ್ನುತ್ತಾನೆ. ಹೆಸರಿಡದೆ ಬಿಡುವುದು ಮ್ಯಾಕ್‌ಬೆತ್ತನಲ್ಲಿ ಅಳುಕು, ಇಲ್ಲಿ ಸಂಕೋಚ.

ಟೆನಿಸನ್ನನ ಪದ್ಯವನ್ನು ಬಿಟ್ಟರೆ ಯಾರಾದರೂ ಕೇಳುತ್ತೀರಿ, ಆದ್ದರಿಂದ ಬೇಗನೆ ಹೇಳಿಬಿಡುತ್ತೇನೆ. 1854ರ ಬಾಲಕ್ಲಾವ ಕಾಳಗವನ್ನು ಕುರಿತ ಆ ಪದ್ಯದಲ್ಲಿರುವುದು ‘ಡೂ ಅಂಡ್ ಡೈ’. ‘ಡೂ ಆರ್ ಡೈ’ ಅಲ್ಲ. ಅಲ್ಲಿ ಆಯ್ಕೆಯೇ ಇಲ್ಲ. ಅಪ್ಪಣೆಯಂತೆ ಮಾಡುವುದು ಮತ್ತು ಸಾಯುವುದು, ಎರಡೂ. ‘ಆರ್’ ಇರುವುದು ಸ್ಕಾಟ್ಲೆಂಡಿನ ಕವಿ ಬರ್ನ್ಸ್ 1793ರಲ್ಲಿ ಬರೆದ ಗೀತದಲ್ಲಿ. 1942ರ ಆಗಸ್ಟ್ 8ರಂದು ಮುಂಬಯಿಯ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಗಾಂಧೀಜಿ ಕೊಟ್ಟ ಮಂತ್ರದಲ್ಲೂ ‘ಆರ್’ ಇದೆ. ಅದು ಕನ್ನಡಕ್ಕೆ ‘ಮಾಡು ಇಲ್ಲವೇ ಮಡಿ’ ಎಂದು ಬಂದಾಗ ಇಂಗ್ಲಿಷಿನ ಡಕಾರದ ಪ್ರಾಸಕ್ಕೆ ಸರಿಜೋಡಿಯಾಗಿ ಮಕಾರ ಸಿಕ್ಕಿತು. ಯಾರು ಹಾಗೆ ಮೊದಲು ಹೇಳಿದರೋ ಅವರಿಗೆ ಕೈಮುಗಿಯಬೇಕು. ನನ್ನ ವಿಷಯಕ್ಕೆ ಮುಖ್ಯವಾದದ್ದು ಇನ್ನೊಂದಿದೆ. ಗಾಂಧೀಜಿ ಆ ‘ಮಾಡು’ವನ್ನು ಬರಿದಾಗಿ ಬಿಡಲಿಲ್ಲ; ಭಾರತವನ್ನು ಬಿಡುಗಡೆ ಮಾಡುತ್ತೇವೆ, ಇಲ್ಲವೇ ಆ ಪ್ರಯತ್ನದಲ್ಲಿ ಸಾಯುತ್ತೇವೆ ಎಂದು ಮರುವಾಕ್ಯದಲ್ಲೇ ಅದನ್ನು ತುಂಬಿದರು.

ಕೊನೆಯದಾಗಿ, ಮ್ಯಾಕ್‌ಬೆತ್ ಕನ್ನಡಕ್ಕೆ ಬರುವಾಗ ಈ ಪದದ ಗತಿ ಏನು? ಎಂ. ಎಲ್. ಶ್ರೀಕಂಠೇಶಗೌಡರು ಪ್ರತಾಪರುದ್ರದೇವ ಎಂದು ಅದನ್ನು ನಮ್ಮ ರಂಗಕ್ಕೆ ಒಗ್ಗಿಸಿದ ಕಾಲದಿಂದ, ಡಿ. ವಿ. ಗುಂಡಪ್ಪನವರ ಅನುವಾದದ ಮೂಲಕ, ರಾಮಚಂದ್ರ ದೇವರವರೆಗೆ ಹಲವರು ಅದಕ್ಕೆ ಕೈಹಾಕಿದ್ದಾರೆ. ಯಾರು ಎಲ್ಲಿ ಯಾವ ಪದ ಇಟ್ಟರೆಂದು ತೂಗುವುದು ನನ್ನ ಉದ್ದೇಶವಲ್ಲ. ಅವರೆಲ್ಲರ ಎದುರಿಗಿದ್ದ ಕವಲನ್ನು ತೋರಿಸುವುದಷ್ಟೇ. ‘ಡನ್’ ಒಂದೇ ಪದವಾಗಿರುವೆಡೆ ನಮಗೆ ಮೂರಿವೆ: ಮಾಡು, ಆಗು, ಮುಗಿ. ‘ಮಾಡು’ ಎಂದರೆ ಮಾಡಿದವನು ಎದ್ದು ಕಾಣುತ್ತಾನೆ. ‘ಆಗು’ ಎಂದರೆ ಅವನು ಮರೆಯಾಗಿ, ಮಳೆ ಬಂದಂತೆ ಬೆಳಗಾದಂತೆ ಕೃತ್ಯ ತಾನಾಗಿ ಒದಗುತ್ತದೆ. ಮಾಡಿದೆನೆಂಬ ಭಾವವನ್ನು ನಮ್ಮವರು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರೆಂಬುದಕ್ಕೆ ಬಸವಣ್ಣನವರ ‘ಮಾಡಿದೆನೆಂಬುದು ಮನದಲಿ ಹೊಳೆದೊಡೆ’ ಎಂಬ ವಚನವೇ ಸಾಕ್ಷಿ. ಅಲ್ಲಿ ಒಳ್ಳೆಯದನ್ನು ಮಾಡಿದವನಿಗೂ ಆ ಕ್ರಿಯಾಪದ ಅಪಾಯಕಾರಿ.

ಸ್ವಗತದ ಮೂರು ‘ಡನ್’ಗಳನ್ನು ಕನ್ನಡದಲ್ಲಿ ಒಂದೇ ಪದದಿಂದ ಹೇಳಬೇಕೆಂದರೆ, ‘ಆದಾಗಲೇ ಆಗಿಹೋಗುವುದಾದರೆ ಬೇಗನೆ ಆಗುವುದೇ ಲೇಸು’ ಎಂದು ‘ಆಗು’ವಿನ ದಾರಿ ಹಿಡಿಯಬೇಕು. ಇದರಲ್ಲಿ ಕರ್ತೃ ಕಾಣುವುದಿಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ಆದರೆ ಮೂಲದಲ್ಲೂ ಅದು ಕರ್ಮಣಿ ಪ್ರಯೋಗ. ಮ್ಯಾಕ್‌ಬೆತ್ ಅಲ್ಲಿ ತನ್ನನ್ನು ಮರೆಮಾಚಿಯೇ ಮಾತನಾಡುತ್ತಿದ್ದಾನೆ. ಕೊಲೆಗೆ ಮುಂಚೆ ‘ಆಗು’, ಕೊಲೆಯ ಮರುಗಳಿಗೆಯಲ್ಲಿ ‘ಮಾಡಿದೆ’, ಆಮೇಲೆ ಮತ್ತೆ ‘ಆದದ್ದು ಆಯಿತು’ ಎಂದು ಅನುವಾದಕನು ಇಡೀ ನಾಟಕದಲ್ಲಿ ಎಚ್ಚರದಿಂದ ನಡೆದರೆ, ಇಂಗ್ಲಿಷಿನಲ್ಲಿ ವಾಕ್ಯರಚನೆಯ ಒಳಗೆ ಹುದುಗಿರುವುದು ಕನ್ನಡದಲ್ಲಿ ಪದವಾಗಿಯೇ ಕಿವಿಗೆ ಬೀಳುತ್ತದೆ. ಈ ಒಂದು ಕಡೆ ಮೂಲಕ್ಕಿಂತ ನಮ್ಮ ಭಾಷೆಗೆ ಅನುಕೂಲ ಹೆಚ್ಚು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಉಳಿದದ್ದು ಐದನೆಯ ಅಂಕ. ನಿದ್ದೆಯಲ್ಲಿ ನಡೆಯುವ ಲೇಡಿ ಮ್ಯಾಕ್‌ಬೆತ್ ತಾನು ಗಂಡನಿಗೆ ಹೇಳಿದ ಸಮಾಧಾನದ ಮಾತನ್ನೇ ತಿರುಚಿ ಒಪ್ಪಿಸುತ್ತಾಳೆ. ಅಲ್ಲಿ ‘ಡನ್’ ಪದಕ್ಕೆ ಎದುರಾಗಿ ‘ಅನ್‌ಡನ್’ ಬರುತ್ತದೆ. ‘ಮಾಡಿದ್ದನ್ನು ಮಾಡದಂತೆ ಮಾಡಲಾಗದು’ ಎಂದು ನಾನು ಬರೆದುಕೊಂಡಿದ್ದೆ. ‘ಮಾಡಲಾಗದು’ ಎಂಬ ಕೊನೆಯ ಪದದಲ್ಲಿ ಮಾಡು, ಆಗು ಎರಡೂ ಕೂಡಿಕೊಂಡಿವೆಯೆಂಬ ಸಣ್ಣ ಹೆಮ್ಮೆಯೂ ನನಗಿತ್ತು.

ಉಪನ್ಯಾಸ ಮುಗಿದು ಪ್ರಶ್ನೆಗಳ ಸಮಯ ಬಂದಾಗ, ಹಿಂದಿನ ಸಾಲಿನಲ್ಲಿದ್ದ ಹಿರಿಯ ಹೆಣ್ಣುಮಗಳೊಬ್ಬರು ಎದ್ದು, ಅವಳು ಅದಾದ ಮೇಲೆ ಏನು ಹೇಳುತ್ತಾಳೆ ಎಂದು ಕೇಳಿದರು. ಹಾಸಿಗೆಗೆ, ಹಾಸಿಗೆಗೆ, ಹಾಸಿಗೆಗೆ ಎನ್ನುತ್ತ ಹೊರಟುಹೋಗುತ್ತಾಳೆ, ಮತ್ತೆ ರಂಗಕ್ಕೆ ಬರುವುದಿಲ್ಲ ಎಂದೆ. ಆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮ ಅಜ್ಜಿ ಮನೆಯಲ್ಲಿ ಎಂಥ ಅನಾಹುತವಾದರೂ ರಾತ್ರಿ ದೀಪ ಆರಿಸುವ ಹೊತ್ತಿಗೆ ಇಷ್ಟೇ ಹೇಳುತ್ತಿದ್ದರು ಎಂದರು: ‘ಆದದ್ದಾಯ್ತು, ಹೋಗಿ ಮಲಕ್ಕೊ.’